ಬನಾರಸಕ್ಕೆ ವಿನಂತಿ ಬರೆದ ಪಾದ್ರಿ

ದಾವಣಗೆರೆಯ ವಿದ್ಯಾನಗರದಿಂದ ಹರಿಹರಕ್ಕೆ ಬಹಳವೆಂದರೆ ಮುಕ್ಕಾಲು ಗಂಟೆಯ ದಾರಿ. ಸೆಪ್ಟೆಂಬರ್ ಮೊದಲ ವಾರದಲ್ಲಿ ಈ ದಾರಿಯ ಬಸ್ಸುಗಳಲ್ಲಿ ಎಂದಿಗಿಂತ ಹೆಚ್ಚು ಜನ. ತಿಂಗಳ 8ರಂದು ಹರಿಹರದಲ್ಲಿ ಆರೋಗ್ಯ ಮಾತೆಯ ಹಬ್ಬ. ಅದಕ್ಕೆ ಮೊದಲು ಒಂಬತ್ತು ದಿನ ನೊವೇನಾ ಪ್ರಾರ್ಥನೆ. ಮಗುವಿನ ಕಾಯಿಲೆ ವಾಸಿಯಾಗಲೆಂದು, ಮದುವೆಯಾಗಿ ಎಷ್ಟೋ ವರ್ಷವಾದ ಮಗಳ ಮಡಿಲು ತುಂಬಲೆಂದು, ಮಗನಿಗೆ ಕೆಲಸ ಸಿಗಲೆಂದು ಹರಕೆ ಹೊತ್ತವರು ಬರುತ್ತಾರೆ. ಅವರಲ್ಲಿ ಕ್ರೈಸ್ತರಲ್ಲದವರ ಸಂಖ್ಯೆಯೂ ದೊಡ್ಡದೇ. ಬೆಂಗಳೂರಿನ ಶಿವಾಜಿನಗರ ಮತ್ತು ಕಾರ್ಕಳದ ಅತ್ತೂರಿನ ನಂತರ, 2019ರಲ್ಲಿ ಈ ದೇವಾಲಯಕ್ಕೂ ಪೋಪರ ವಿಶೇಷ ಮನ್ನಣೆಯಾದ 'ಬೆಸಿಲಿಕಾ' ಪದವಿ ದೊರೆಯಿತು.

ಅದೇ ಊರಿನಲ್ಲಿ ಹರಿಹರೇಶ್ವರನ ಗುಡಿಯಿದೆ. 1224ರ ಸುಮಾರಿಗೆ ಹೊಯ್ಸಳ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಒಂದೇ ವಿಗ್ರಹದಲ್ಲಿ ಅರ್ಧ ಶಿವ, ಅರ್ಧ ವಿಷ್ಣು. ಎರಡು ಭಕ್ತಿಗಳು ಒಂದೇ ಮೈಯಲ್ಲಿ ನಿಲ್ಲಬಹುದೆಂದು ನಂಬಿದ ಊರು ಇದು. ಆರೋಗ್ಯ ಮಾತೆಯ ಹಬ್ಬಕ್ಕೆ ಬರುವವರನ್ನು ಕಂಡು ಆ ಊರಿನವರು ಅಚ್ಚರಿಪಡುವುದಿಲ್ಲ.

ಹರಕೆಯ ಭಕ್ತಿ ಕಷ್ಟಕಾಲದ ಭಕ್ತಿ. ಕಷ್ಟ ಬಂದಾಗ ಹುಟ್ಟುತ್ತದೆ, ಕಳೆದ ಮೇಲೆ ಮುಂದಿನ ಸೆಪ್ಟೆಂಬರಿನವರೆಗೆ ಮಲಗುತ್ತದೆ. ಅದನ್ನು ಕೀಳುಗಳೆಯಬೇಕಾಗಿಲ್ಲ, ನಮ್ಮಲ್ಲಿ ಬಹಳಷ್ಟು ಜನರ ದೇವರು ಅಂಥವನೇ. ಆದರೆ ಬಾಲ್ಯದಿಂದ ಮುಪ್ಪಿನವರೆಗೆ ಕಾಲ ಬದಲಾದಂತೆಲ್ಲ ಒಂದು ನಂಬಿಕೆ ಮನುಷ್ಯನ ಜೊತೆಗೆ ನಡೆಯುತ್ತ, ತಾನೂ ಬದಲಾಗುತ್ತ, ಅವನಿಗೊಂದು ಕೆಲಸವನ್ನು ಕೊಟ್ಟು ಕೊನೆಗೆ ನೆಮ್ಮದಿಯನ್ನೂ ಕೊಡುವುದಿದೆಯಲ್ಲ, ಅದು ಅಪರೂಪ. ಅಂಥ ಒಂದು ಬದುಕಿನ ಬೇರು ಇದೇ ಹೊಳೆಯ ಸೀಮೆಯಲ್ಲಿದೆ. ತುಂಗಭದ್ರೆ ಹರಿಹರವನ್ನು ಬಿಟ್ಟು ಹರಪನಹಳ್ಳಿಯ ಅಂಚನ್ನು ಮುಟ್ಟಿ ಹೂವಿನಹಡಗಲಿ ತಾಲ್ಲೂಕಿಗೆ ಬರುತ್ತದೆ. ಕಾರಣಿಕಕ್ಕೆ ಹೆಸರಾದ ಮೈಲಾರ ಆ ತಾಲ್ಲೂಕಿನದು. ಉತ್ತಂಗಿ ಎಂಬ ಹಳ್ಳಿಯೂ ಅಲ್ಲಿಯದೇ. ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ ಕನ್ನಡಿಗರ ಕೈಗಿತ್ತ ರೆವರೆಂಡ್ ಉತ್ತಂಗಿ ಚನ್ನಪ್ಪನವರ ಹಿರಿಯರು ಆ ಊರಿನವರು.

ಇಂದು ಈ ಪ್ರದೇಶವೆಲ್ಲ ಒಂದೇ ರಾಜ್ಯ. 19ನೇ ಶತಮಾನದಲ್ಲಿ ಹಾಗಿರಲಿಲ್ಲ. ಹರಿಹರ ಮೈಸೂರು ಸಂಸ್ಥಾನದ ಗಡಿಯೂರು. ಹೊಳೆ ದಾಟಿ ರಾಣೆಬೆನ್ನೂರಿನ ಕಡೆ ಹೋದರೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಹರಪನಹಳ್ಳಿ, ಹಡಗಲಿಗಳೆಂದರೆ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಕ್ರೈಸ್ತ ಮಿಷನರಿಗಳೂ ಹೀಗೆಯೇ ಹಂಚಿಹೋಗಿದ್ದರು. ಬಳ್ಳಾರಿಯಲ್ಲಿ 1810ರಿಂದ ಲಂಡನ್ ಮಿಷನ್. ಜಾನ್ ಹ್ಯಾಂಡ್ಸ್ ಕನ್ನಡ ಬೈಬಲ್ಲಿಗಾಗಿ ದುಡಿದದ್ದು ಅಲ್ಲಿ. ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಷನ್. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ 1837ರಲ್ಲಿ ಘಟ್ಟ ಹತ್ತಿ ಧಾರವಾಡಕ್ಕೆ ಬಂದು, ಮುಂದೆ ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡಗಳಲ್ಲಿ ನೆಲೆನಿಂತಿತು. ಉತ್ತಂಗಿಯ ಒಂದು ಲಿಂಗಾಯತ ಮನೆತನ ಕ್ರೈಸ್ತವಾಗಿ ಧಾರವಾಡದಲ್ಲಿ ನೆಲೆಸಿತೆಂದರೆ, ಅದು ಒಂದು ಪ್ರಾಂತ್ಯವನ್ನೂ ಒಂದು ಧರ್ಮವನ್ನೂ ದಾಟಿ ಬಂದಿತ್ತೆಂದು ಅರ್ಥ.

ಧರ್ಮ ದಾಟಿದವರು ಆ ಕಾಲದಲ್ಲಿ ಕಡಿಮೆಯೇ. ಬಾಸೆಲ್ ಮಿಷನ್ನಿನವರು ಹುಬ್ಬಳ್ಳಿ, ಗದಗ ಸೀಮೆಗೆ ಬಂದ ಹೊಸದರಲ್ಲಿ ಕಾಲಜ್ಞಾನಿಗಳೆಂಬ ಪಂಥದ ಜನ ಅವರನ್ನು ಹುಡುಕಿಕೊಂಡು ಬಂದದ್ದುಂಟು. ತಮ್ಮ ಕಾಲಜ್ಞಾನದಲ್ಲಿ ಹೇಳಿದ ಉದ್ಧಾರಕ ಈ ಬಿಳಿಯರ ಯೇಸುವೇ ಇರಬಹುದೆಂದು ಅವರಿಗೆ ಅನ್ನಿಸಿತ್ತು. ಸಾವಿರಾರು ಜನ ಬಂದೇಬಿಡುತ್ತಾರೆಂದು ಪಾದ್ರಿಗಳು ನಂಬಿ, ಬೆಟಗೇರಿಯ ಹತ್ತಿರ ಮಲ್ಲಸಮುದ್ರದಲ್ಲಿ ಅವರಿಗಾಗಿ ನೆಲೆಯನ್ನೂ ಸಿದ್ಧಪಡಿಸಿದರು. ಆದರೆ ಆ ಉತ್ಸಾಹ ಬಂದಷ್ಟೇ ಬೇಗ ಇಳಿಯಿತು. ಉಳಿದವರು ಅಲ್ಲೊಂದು ಮನೆ, ಇಲ್ಲೊಂದು ಮನೆ. ಜಾತಿ ಬಿಟ್ಟವನಿಗೆ ಬಾವಿಯ ನೀರು, ಅಂಗಡಿಯ ಸಾಲ, ಮಗಳಿಗೆ ಗಂಡು ಎಲ್ಲವೂ ದುರ್ಲಭವಾಗುತ್ತಿದ್ದ ಕಾಲ. ಮಿಷನ್ ನೇಯ್ಗೆ, ಹೆಂಚಿನ ಕಾರ್ಖಾನೆಗಳನ್ನು ತೆರೆದುದಕ್ಕೆ ಇದೂ ಒಂದು ಕಾರಣ.

ಚನ್ನಪ್ಪನವರು ಧಾರವಾಡದಲ್ಲಿ ಹುಟ್ಟಿದ್ದು 1881ರ ಅಕ್ಟೋಬರ್ 28ರಂದು. ತಂದೆ ದಾನಿಯೇಲಪ್ಪ, ತಾಯಿ ಸುಭಕ್ತವ್ವ. ಈ ಹೆಸರುಗಳನ್ನು ಒಮ್ಮೆ ಬಾಯಿಬಿಟ್ಟು ಹೇಳಿನೋಡಬೇಕು. ಹಳೆಯ ಒಡಂಬಡಿಕೆಯ ದಾನಿಯೇಲನಿಗೆ ಧಾರವಾಡದ 'ಅಪ್ಪ' ಸೇರಿಕೊಂಡಿದ್ದಾನೆ. ಮಗನಿಗೆ ಮಾತ್ರ ಚನ್ನಪ್ಪ ಎಂಬ ಅಚ್ಚ ಲಿಂಗಾಯತ ಹೆಸರು, ಬಿಟ್ಟುಬಂದ ಊರಿನ ಅಡ್ಡಹೆಸರು. ದೀಕ್ಷಾಸ್ನಾನದೊಡನೆ ಯುರೋಪಿನ ಹೆಸರು ಸೇರಿಕೊಳ್ಳುವುದೂ ಉಂಟಾಗಿದ್ದ ಕಾಲವದು. 1844ರಲ್ಲಿ ಮಂಗಳೂರಿನಲ್ಲಿ ಕ್ರೈಸ್ತರಾದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯರಿಗೆ ಹರ್ಮನ್ ಎಂಬ ಹೆಸರು ಸೇರಿತ್ತು. ಉತ್ತಂಗಿಯ ಮನೆತನದಲ್ಲಿ ನಡೆದದ್ದು ಬೇರೆ.

ಅವರು ಹುಟ್ಟಿದ ಕಾಲವೂ ಸುಖದ್ದಲ್ಲ. 1876ರಿಂದ 78ರವರೆಗಿನ ಡೋಗಿ ಬರ ಮುಗಿದು ಮೂರೇ ವರ್ಷವಾಗಿತ್ತು. ಅವರಿಗೆ ಹದಿನಾರು ಹದಿನೇಳಾಗುವ ಹೊತ್ತಿಗೆ ಹುಬ್ಬಳ್ಳಿ, ಧಾರವಾಡಗಳಿಗೆ ಪ್ಲೇಗು ಬಂತು. ಜನ ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಂಡರು. ಬಾಸೆಲ್ ಮಿಷನ್ ಶಾಲೆಯಲ್ಲಿ ಓದಿದ ಚನ್ನಪ್ಪನವರು ಮುಂದೆ ಮಂಗಳೂರಿನ ಮಿಷನ್ ಸೆಮಿನರಿಯಲ್ಲಿ ದೇವಶಾಸ್ತ್ರ ಕಲಿತು ಬೋಧಕರಾದರು, ಪಾದ್ರಿಯಾದರು.

ಮಂಗಳೂರಿನಲ್ಲಿ ಅವರಿಗೆ ದೊರೆತ ಆಸ್ತಿ ದೇವಶಾಸ್ತ್ರವೊಂದೇ ಅಲ್ಲವೆಂದು ಕಾಣುತ್ತದೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಮೊಗ್ಲಿಂಗರು ಇದೇ ಮಿಷನ್ನಿನವರು. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಮೊದಲಿಗೆ ಅಚ್ಚು ಹಾಕಿಸಿದವರೂ ಅವರೇ. 1894ರಲ್ಲಿ ಎಪ್ಪತ್ತು ಸಾವಿರ ಶಬ್ದಗಳ ನಿಘಂಟನ್ನು ಹೊರತಂದ ಕಿಟ್ಟೆಲ್ಲರು ಸರ್ವಜ್ಞನ ಪದಗಳನ್ನೂ ಗಾದೆಗಳನ್ನೂ ಅದರಲ್ಲಿ ಉದಾಹರಿಸಿದ್ದಾರೆ. ಕನ್ನಡ ಜನರನ್ನು ತಿದ್ದಲು ಬಂದವರು ಕನ್ನಡವನ್ನು ಕಲಿಯುತ್ತ ಕಲಿಯುತ್ತ ತಾವೇ ಅದರ ಸೇವಕರಾದದ್ದು ಬಾಸೆಲ್ ಮಿಷನ್ನಿನ ಕಥೆಯ ಸ್ವಾರಸ್ಯ. ಆದರೆ ಕಿಟ್ಟೆಲ್ಲರಿಗೆ ಕನ್ನಡ ಕಲಿತ ಭಾಷೆ. ಚನ್ನಪ್ಪನವರಿಗೆ ಅದು ತಾಯಿಯ ಮಾತು. ಮಿಷನ್ನಿನ ಪಾಂಡಿತ್ಯ ಒಬ್ಬ ಹಳ್ಳಿಮೂಲದ ಕನ್ನಡಿಗನ ಕೈಗೆ ಬಂದಾಗ ಏನಾಗುತ್ತದೆಂಬುದನ್ನು ಅವರ ಬದುಕು ತೋರಿಸಿತು.

1914ರಲ್ಲಿ ಯುದ್ಧ ಬಂತು. ಬಾಸೆಲ್ ಊರು ಸ್ವಿಟ್ಜರ್ಲೆಂಡಿನಲ್ಲಿದ್ದರೂ ಮಿಷನ್ನಿನ ಪಾದ್ರಿಗಳಲ್ಲಿ ಬಹುಮಂದಿ ಜರ್ಮನರು. ಬ್ರಿಟಿಷ್ ಸರ್ಕಾರ ಅವರನ್ನು ಹಿಡಿದು ಅಹಮದ್‌ನಗರದ ಶಿಬಿರದಲ್ಲಿ ಕೂಡಿಹಾಕಿತು, ಆಮೇಲೆ ದೇಶದಿಂದಲೇ ಕಳಿಸಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಎಂಬತ್ತು ವರ್ಷ ಗುರುಗಳ ಕೈಹಿಡಿದು ನಡೆದ ಸಭೆಗಳು ಒಮ್ಮೆಲೇ ತಬ್ಬಲಿಯಾದವು. ಯುದ್ಧ ಮುಗಿಯುವ ಹೊತ್ತಿಗೆ, 1918ರಲ್ಲಿ, ಇನ್‌ಫ್ಲೂಯೆಂಜಾ. ಆ ವರ್ಷಗಳಲ್ಲಿ ಒಬ್ಬ ಊರ ಪಾದ್ರಿಯ ದಿನಚರಿಯೆಂದರೆ ಮುಖ್ಯವಾಗಿ ಸಮಾಧಿಯ ಪ್ರಾರ್ಥನೆಗಳೇ ಇದ್ದಿರಬೇಕು. ಚನ್ನಪ್ಪನವರಿಗೆ ಆಗ ಮೂವತ್ತೇಳು.

ಇಂಥ ಹೊತ್ತಿನಲ್ಲಿ ಕೆಲವರಿಗೆ ನಂಬಿಕೆ ಬಿಗಿಯಾಗುತ್ತದೆ, ಕೆಲವರಿಗೆ ಸಡಿಲವಾಗುತ್ತದೆ. ಚನ್ನಪ್ಪನವರ ವಿಷಯದಲ್ಲಿ ಅದು ಅಗಲವಾಯಿತು ಎನ್ನಬೇಕು. 1921ರಲ್ಲಿ ಅವರು 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ' ಎಂಬ ಕೃತಿಯನ್ನು ಬರೆದರು. ಶೀರ್ಷಿಕೆಯಲ್ಲೇ ಅರ್ಧ ವಿಷಯವಿದೆ. ಯೇಸು ಹುಟ್ಟಿದ ಊರು ಕಾಶಿಗೆ ಏನನ್ನೋ ಹೇಳುತ್ತಿದೆ. ಆದರೆ ಅದು ಸವಾಲಲ್ಲ, ಖಂಡನೆಯೂ ಅಲ್ಲ. ವಿನಂತಿ. ಅದಕ್ಕೆ ಹಿಂದಿನ ತಲೆಮಾರಿನ ಮಿಷನ್ ಪುಸ್ತಿಕೆಗಳಲ್ಲಿ ವಿಗ್ರಹಾರಾಧನೆಯನ್ನು ಹಳಿಯುವ ಧಾಟಿಯೇ ಹೆಚ್ಚು. ಸಂತೆಯಲ್ಲಿ ನಿಂತು ಬೈಯುವ ಪಾದ್ರಿಯ ಮಾತು ಹಳ್ಳಿಗರಿಗೆ ವಿನೋದದ ವಸ್ತುವಾಗಿತ್ತು. ಚನ್ನಪ್ಪನವರು ಆ ಧಾಟಿಯನ್ನು ಬಿಟ್ಟರು.

ಈ ವಿಚಾರ ಅವರೊಬ್ಬರದೇ ಆಗಿರಲಿಲ್ಲ. ಹಿಂದೂ ಧರ್ಮದ ಹುಡುಕಾಟಗಳೆಲ್ಲ ಕ್ರಿಸ್ತನಲ್ಲಿ ಪೂರ್ಣವಾಗುತ್ತವೆ ಎಂದು ವಾದಿಸುವ ಫರ್ಕುಹರ್ ಅವರ 'ದಿ ಕ್ರೌನ್ ಆಫ್ ಹಿಂದೂಯಿಸಂ' 1913ರಲ್ಲಿ ಬಂದಿತ್ತು. ಮರಾಠಿಯಲ್ಲಿ ಕವಿ ನಾರಾಯಣ ವಾಮನ ಟಿಳಕರು 1895ರಲ್ಲಿ ಕ್ರೈಸ್ತರಾಗಿ, ತುಕಾರಾಮನ ಅಭಂಗಗಳ ಮಟ್ಟಿನಲ್ಲೇ ಯೇಸುವನ್ನು ಹಾಡಿದ್ದರು. ತುಕಾರಾಮನೆಂಬ ಸೇತುವೆಯ ಮೇಲೆ ನಡೆದೇ ತಾನು ಕ್ರಿಸ್ತನನ್ನು ಮುಟ್ಟಿದೆನೆಂಬುದು ಟಿಳಕರ ನಿಲುವು. ಚನ್ನಪ್ಪನವರ ನಡಿಗೆ ಇದಕ್ಕೆ ತಿರುಗುಮುರುಗು. ಅವರು ಹುಟ್ಟಿದ್ದೇ ಕ್ರಿಸ್ತನ ದಡದಲ್ಲಿ. ಅಲ್ಲಿಂದ ಹೊರಟು, ಹಿರಿಯರು ಬಿಟ್ಟುಬಂದ ದಡಕ್ಕೆ ಅವರು ನಡೆಯಬೇಕಾಗಿತ್ತು.

ಆ ನಡಿಗೆಗೆ ಸೇತುವೆಯಾದವನು ಸರ್ವಜ್ಞ. 16–17ನೇ ಶತಮಾನದವನೆನ್ನಲಾದ, ಹಾವೇರಿ ಜಿಲ್ಲೆಯ ಅಂಬಲೂರು, ಮಾಸೂರುಗಳ ಹೆಸರಿನೊಡನೆ ಸೇರಿಹೋದ ಈ ತಿರುಕ ಕವಿ ಹರಿಹರಕ್ಕೂ ದೂರದವನಲ್ಲ. ಮೂರು ಸಾಲಿನ ತ್ರಿಪದಿಯಲ್ಲಿ ಅವನು ಮಾತಾಡದ ವಿಷಯವಿಲ್ಲ: ಹಸಿವು, ಸಾಲ, ಜಾತಿ, ಗುರು, ಹೆಂಡತಿ, ಮಳೆ, ಜಿಪುಣ. ಹಳ್ಳಿಯ ಕಟ್ಟೆಯ ಮೇಲೆ ಜಗಳ ತೀರಿಸಲು ಸರ್ವಜ್ಞನ ಒಂದು ಪದ ಸಾಕು. ಬೋಧನೆಗೆ ಹೋದ ಪಾದ್ರಿಯ ಎದುರು ಕೇಳುಗನೊಬ್ಬ ಅಂಥದೊಂದನ್ನು ಹೇಳಿಬಿಟ್ಟರೆ ಪಾದ್ರಿ ಏನು ಮಾಡಬೇಕು? ಎದುರು ವಾದ ಹೂಡಬಹುದು. ಇಲ್ಲವೇ ಚೀಲದಿಂದ ಕಾಗದ ತೆಗೆದು ಬರೆದುಕೊಳ್ಳಬಹುದು. ಚನ್ನಪ್ಪನವರು ಬರೆದುಕೊಳ್ಳುವ ಜಾತಿಯವರು.

ಇದಕ್ಕೆ ಅವರ ಬೈಬಲ್ಲಿನಲ್ಲೇ ಆಧಾರವಿತ್ತೆಂದು ನನಗೆ ತೋರುತ್ತದೆ. ಹಳೆಯ ಒಡಂಬಡಿಕೆಯಲ್ಲಿ 'ಜ್ಞಾನೋಕ್ತಿಗಳು', 'ಪ್ರಸಂಗಿ' ಎಂಬ ಎರಡು ಗ್ರಂಥಗಳಿವೆ. ಅವುಗಳಲ್ಲಿ ಪವಾಡಗಳಿಲ್ಲ, ಪ್ರವಾದಿಗಳ ಗುಡುಗಿಲ್ಲ. ಬದುಕನ್ನು ಕಂಡುಂಡ ಮುದುಕನೊಬ್ಬನ ಮಾತಿದೆ. 'ಪ್ರಸಂಗಿ'ಯ ಮೂರನೆಯ ಅಧ್ಯಾಯ ಮನುಷ್ಯನ ಬಾಳಿನ ಕಾಲಗಳನ್ನು ಜೋಡಿ ಜೋಡಿಯಾಗಿ ಎಣಿಸುತ್ತದೆ: ಹುಟ್ಟು ಸಾವು, ಅಳು ನಗು, ಯುದ್ಧ ಶಾಂತಿ. ಬರದ ನೆರಳಿನಲ್ಲಿ ಹುಟ್ಟಿ, ಪ್ಲೇಗು ಕಂಡು, ಯುದ್ಧದಲ್ಲಿ ಗುರುಗಳನ್ನು ಕಳೆದುಕೊಂಡವನಿಗೆ ಆ ಅಧ್ಯಾಯಕ್ಕೆ ಟೀಕೆ ಬೇಕಾಗಿರಲಿಲ್ಲ. ಅದನ್ನು ಬಲ್ಲ ಕಿವಿಗೆ ಸರ್ವಜ್ಞ ಅಪರಿಚಿತನಾಗಿ ಕೇಳುವುದಿಲ್ಲ.

ಸಂಗ್ರಹ ಸುಲಭದ ಕೆಲಸವಾಗಿರಲಿಲ್ಲ. ಸರ್ವಜ್ಞ ತಾನೇ ಬರೆದಿಟ್ಟ ಪುಸ್ತಕವಿಲ್ಲ. ಓಲೆಗರಿಯಲ್ಲಿ ಕೆಲವು, ಜನರ ಬಾಯಲ್ಲಿ ಹಲವು. 'ಸರ್ವಜ್ಞ' ಎಂಬ ಅಂಕಿತವನ್ನು ಕೊನೆಗೆ ಸೇರಿಸಿದರೆ ಯಾರ ಪದ್ಯವಾದರೂ ಅವನದಾಗುತ್ತದೆ. ಒಂದೇ ವಚನಕ್ಕೆ ಊರಿಗೊಂದು ಪಾಠ. ಇದನ್ನೆಲ್ಲ ಸೋಸಿ, ಸುಮಾರು 2000 ವಚನಗಳನ್ನು ಕೂಡಿಸಿ, ದೀರ್ಘ ಪೀಠಿಕೆಯೊಡನೆ 'ಸರ್ವಜ್ಞನ ವಚನಗಳು' ಎಂಬ ಸಂಪುಟವನ್ನು ಅವರು 1924ರಲ್ಲಿ ಹೊರತಂದರು. 'ತಿರುಳ್ಗನ್ನಡದ ತಿರುಕ' ಎಂಬ ಹೆಸರು ಅವರಿಗೆ ಅಂಟಿಕೊಂಡಿತು. ಊರೂರು ಬೇಡಿದ ಕವಿಗಾಗಿ ಊರೂರು ಅಲೆದವರಿಗೆ ಅದು ಒಪ್ಪುವ ಹೆಸರೇ.

ಇಲ್ಲಿ ಇನ್ನೊಬ್ಬರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಫ.ಗು. ಹಳಕಟ್ಟಿಯವರು ಹುಟ್ಟಿದ್ದೂ ಧಾರವಾಡದಲ್ಲೇ, 1880ರ ಜುಲೈನಲ್ಲಿ. ಚನ್ನಪ್ಪನವರಿಗಿಂತ ಒಂದು ವರ್ಷ ಹಿರಿಯರು. ವಿಜಯಪುರದಲ್ಲಿ ವಕೀಲರಾಗಿದ್ದ ಅವರು ಶಿವಶರಣರ ವಚನಗಳ ಓಲೆಗರಿಗಳನ್ನು ಹುಡುಕಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದ್ದು 1923ರಲ್ಲಿ. ಮರುವರ್ಷವೇ ಸರ್ವಜ್ಞ. ಒಂದೇ ಊರಿನಲ್ಲಿ ಹುಟ್ಟಿದ ಇಬ್ಬರು, ಒಬ್ಬ ವಕೀಲ, ಒಬ್ಬ ಪಾದ್ರಿ, ಒಂದು ವರ್ಷದ ಅಂತರದಲ್ಲಿ ಕನ್ನಡದ ಎರಡು ದೊಡ್ಡ ಕಣಜಗಳ ಬಾಗಿಲು ತೆರೆದರು. ಕರ್ನಾಟಕ ಏಕೀಕರಣದ ಮಾತು ಹುರುಪು ಪಡೆಯುತ್ತಿದ್ದ ಆ ವರ್ಷಗಳಲ್ಲಿ ಮೂರು ಪ್ರಾಂತ್ಯಗಳಲ್ಲಿ ಹರಿದುಹೋದ ಜನಕ್ಕೆ, ಎಲ್ಲ ಕಡೆಯೂ ನಡೆಯುವ ನಾಣ್ಯ ಬೇಕಾಗಿತ್ತು. ಸರ್ವಜ್ಞ ಹಾಗೆ ಎಲ್ಲ ಕಡೆ ನಡೆಯುತ್ತಿದ್ದ.

ಚನ್ನಪ್ಪನವರು ಇಲ್ಲಿಗೆ ನಿಲ್ಲಲಿಲ್ಲ. ಸರ್ವಜ್ಞನಿಂದ ಹಿಂದಕ್ಕೆ, ಹನ್ನೆರಡನೆಯ ಶತಮಾನಕ್ಕೆ ಹೋದರು. ಸಿದ್ಧರಾಮನ ಸಾಹಿತ್ಯ, ಮೋಳಿಗೆಯ ಮಾರಯ್ಯ, ಆದಯ್ಯ ಹೀಗೆ ಶರಣರ ವಚನಗಳ ಸಂಪಾದನೆಯಲ್ಲಿ ತೊಡಗಿದರು. ಕಲ್ಯಾಣದ ಅನುಭವ ಮಂಟಪ ನಿಜವಾಗಿ ಇತ್ತೇ, ಅಥವಾ ಅದು ಆಮೇಲಿನವರ ಕಲ್ಪನೆಯೇ ಎಂಬ ವಿವಾದ ಎದ್ದಾಗ 'ಅನುಭವ ಮಂಟಪದ ಐತಿಹಾಸಿಕತೆ' ಎಂಬ ಗ್ರಂಥವನ್ನು ಬರೆದು ಅದರ ಪರವಾಗಿ ನಿಂತರು. 1951ರ ಮಾತು. ಬಸವಣ್ಣನ ಪರ ವಾದಿಸಲು ಎದ್ದವರು ಒಬ್ಬ ಕ್ರೈಸ್ತ ಪಾದ್ರಿ ಎಂಬುದನ್ನು ಕಂಡು ಆಗ ಬೆರಗಾದವರಿದ್ದರೆ ತಪ್ಪಿಲ್ಲ. ಈಗಲೂ ಬೆರಗಾಗಬಹುದು.

1921ರ 'ವಿನಂತಿ'ಯನ್ನೂ 1951ರ ಗ್ರಂಥವನ್ನೂ ಅಕ್ಕಪಕ್ಕ ಇಟ್ಟರೆ ನಡುವಿನ ಮೂವತ್ತು ವರ್ಷಗಳಲ್ಲಿ ಏನೋ ನಡೆದಿರುವುದು ಕಾಣುತ್ತದೆ. ಮೊದಲನೆಯದರಲ್ಲಿ, ಎಷ್ಟೇ ವಿನಯವಿದ್ದರೂ, ಬೆತ್ಲೆಹೇಮು ಬನಾರಸವನ್ನು ತನ್ನತ್ತ ಕರೆಯುತ್ತಿದೆ. ಮಿಷನ್ನಿನ ಗುರಿ ಅಲ್ಲಿ ಪೂರ್ತಿ ಮರೆಯಾಗಿಲ್ಲ. ಆ ಕೃತಿಯ ಮಿತಿಯೂ ಅದೇ ಎಂಬುದು ನನ್ನ ಎಣಿಕೆ. ಎರಡನೆಯದರಲ್ಲಿ ಕರೆಯುವ ಮಾತೇ ಇಲ್ಲ. ಬರೆಯುವಾತ ಮಂಟಪದ ಒಳಗೇ ಕುಳಿತು ಅದರ ಕಂಬಗಳನ್ನು ಎಣಿಸುತ್ತಿದ್ದಾನೆ. ಹಾಗೆಂದು ಅವರು ಧರ್ಮವನ್ನು ಬಿಟ್ಟವರಲ್ಲ. ಕೊನೆಯವರೆಗೂ ಕ್ರೈಸ್ತರಾಗಿಯೇ ಉಳಿದರು. 'ರೆವರೆಂಡ್' ಎಂಬುದು ಅವರ ಹೆಸರಿನಿಂದ ಎಂದೂ ಕಳಚಲಿಲ್ಲ. ತಮ್ಮ ದೇವರು ಅಷ್ಟು ದೊಡ್ಡವನಾದ ಮೇಲೆ ಬಸವಣ್ಣನನ್ನು ಕಂಡು ಹೆದರಬೇಕಾದ್ದೇನೆಂದು ಅವರಿಗೆ ಅನ್ನಿಸಿರಬೇಕು.

ನಂಬಿಕೆ ನೆಮ್ಮದಿ ಕೊಡುತ್ತದೆ ಎಂದು ಎಲ್ಲ ಧರ್ಮಗಳ ಬೋಧಕರೂ ಹೇಳುತ್ತಾರೆ. ಅದು ಔಷಧದಂತೆ, ಕುಡಿದ ಕೂಡಲೇ ಗುಣ ಎಂಬ ಧಾಟಿಯಲ್ಲಿ ಹೇಳುವುದು ಈಚೆಗೆ ಹೆಚ್ಚಾಗಿದೆ. ಚನ್ನಪ್ಪನವರ ಬದುಕಿನಲ್ಲಿ ಕ್ರಮ ಬೇರೆಯಿತ್ತು. ನಂಬಿಕೆ ಅವರಿಗೆ ಮೊದಲು ಕೊಟ್ಟದ್ದು ಅಶಾಂತಿಯನ್ನು: ನನ್ನವರು ಬಿಟ್ಟುಬಂದ ಮನೆಯಲ್ಲಿ ಏನಿತ್ತು ಎಂಬ ಪ್ರಶ್ನೆಯನ್ನು. ಆಮೇಲೆ ಕೆಲಸವನ್ನು. ಆ ಕೆಲಸವನ್ನು ಅವರ ಸಭೆಯವರೆಲ್ಲರೂ ಮೆಚ್ಚುವಂತಿರಲಿಲ್ಲ. ಪಾದ್ರಿ ಸುವಾರ್ತೆ ಸಾರುವುದು ಬಿಟ್ಟು ಓಲೆಗರಿ ಓದುವುದೇಕೆ? ಹೊರಗಿನವರಿಗೂ ಅನುಮಾನ: ಇದರ ಹಿಂದೆ ಮತಾಂತರದ ಉಪಾಯವಿರಬಹುದೇ? ಎರಡು ಕಡೆಯಿಂದಲೂ ಬರಬಹುದಾದ ಇಂಥ ಮಾತುಗಳ ನಡುವೆ ದಶಕಗಳ ಕಾಲ ಒಂದೇ ಕೆಲಸದಲ್ಲಿ ಕೂರುವುದಕ್ಕೆ ಬೇಕಾದ ಸಮಾಧಾನ ಕೊನೆಗೆ ಬಂದದ್ದು.

ಅವರ ಅರವತ್ತೆಂಟನೆಯ ವಯಸ್ಸಿನಲ್ಲಿ ನಾಡು ಅವರನ್ನು ಕರೆಯಿತು. 1949ರಲ್ಲಿ ಕಲಬುರಗಿಯಲ್ಲಿ ನಡೆದ 32ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಉತ್ತಂಗಿ ಚನ್ನಪ್ಪನವರು ಅಧ್ಯಕ್ಷರು. 1948ರ ಸೆಪ್ಟೆಂಬರಿನಲ್ಲಷ್ಟೇ ಹೈದರಾಬಾದು ಸಂಸ್ಥಾನ ಭಾರತದಲ್ಲಿ ಸೇರಿತ್ತು. ರಜಾಕಾರರ ಹಾವಳಿ, ಅದರ ಹಿಂದೆಯೇ ನಡೆದ ಪ್ರತೀಕಾರದ ನೆನಪು ಆ ಸೀಮೆಯಲ್ಲಿ ಇನ್ನೂ ಹಸಿಯಾಗಿತ್ತು. ಹಿಂದೂ, ಮುಸಲ್ಮಾನರೆಂದು ಊರೂರೇ ಒಡೆದು ನಿಂತ ಕಡೆ ಕನ್ನಡದ ಪೀಠದ ಮೇಲೆ ಕುಳಿತವರು, ಸರ್ವಜ್ಞನನ್ನು ಬೆನ್ನಿಗೆ ಕಟ್ಟಿಕೊಂಡ ಕ್ರೈಸ್ತ ಪಾದ್ರಿ. ಆಯ್ಕೆ ಮಾಡಿದವರಿಗೆ ಇದು ಹೊಳೆದಿತ್ತೋ ಇಲ್ಲವೋ, ಆ ವರ್ಷ ಅದಕ್ಕಿಂತ ಒಳ್ಳೆಯ ಆಯ್ಕೆಯನ್ನು ಊಹಿಸುವುದು ಕಷ್ಟ. ಹಳಕಟ್ಟಿಯವರಿಗೆ ಈ ಗೌರವ 1926ರಲ್ಲೇ, ಬಳ್ಳಾರಿಯಲ್ಲಿ ಸಂದಿತ್ತು.

ರಾಜ್ಯ ಒಂದಾದದ್ದನ್ನು ಅವರು ಕಣ್ಣಾರೆ ಕಂಡರು. ಹಿರಿಯರ ಉತ್ತಂಗಿ 1953ರಲ್ಲಿ ಮೈಸೂರಿಗೆ ಸೇರಿತು. ಹುಟ್ಟಿದ ಧಾರವಾಡ 1956ರಲ್ಲಿ. ಹರಿಹರದ ಹೊಳೆ ಎರಡು ಪ್ರಾಂತ್ಯಗಳ ಗಡಿಯಾಗಿ ಉಳಿಯಲಿಲ್ಲ. 1962ರ ಆಗಸ್ಟ್ 28ರಂದು ಚನ್ನಪ್ಪನವರು ತೀರಿಕೊಂಡರು. ಎಂಬತ್ತೊಂದು ತುಂಬಲು ಎರಡು ತಿಂಗಳಿತ್ತು.

2009ರ ಆಗಸ್ಟ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯ ಬಳಿ ತಿರುವಳ್ಳುವರ್ ಪ್ರತಿಮೆ ಅನಾವರಣಗೊಂಡಿತು. ಅದಾದ ಕೆಲವೇ ದಿನಗಳಲ್ಲಿ ಚೆನ್ನೈನ ಅಯನಾವರಂನಲ್ಲಿ ಸರ್ವಜ್ಞನ ಪ್ರತಿಮೆಯೂ ಅನಾವರಣವಾಯಿತು. ವರ್ಷಗಟ್ಟಲೆ ಮುಸುಕು ಹಾಕಿಕೊಂಡು ನಿಂತಿದ್ದ ವಿವಾದ ಹಾಗೆ ಮುಗಿಯಿತು. ಎರಡು ರಾಜ್ಯಗಳ ಮುಖ್ಯಮಂತ್ರಿಗಳ ಭಾಷಣಗಳಾದವು. ಉತ್ತಂಗಿ ಎಂಬ ಊರು ಈಗ 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿದೆ. ಹರಿಹರದಿಂದ ಹರಪನಹಳ್ಳಿಯ ಮೇಲೆ ಹಡಗಲಿಗೆ ಹೋಗುವವರು ಆ ಸೀಮೆಯನ್ನು ಹಾದೇ ಹೋಗುತ್ತಾರೆ.